ಬೆಂಗಳೂರಿನಿಂದ ಲಂಡನ್ನಿಗೆ ಎಷ್ಟು ದೂರ, ಎಷ್ಟು ಹೊತ್ತು? ವಿಮಾನ ಪ್ರಯಾಣದ ಲೆಕ್ಕ ನೀವೇ ಹಾಕಿ

ಚಳಿಗಾಲದ ಒಂದು ದಿನ ಮಧ್ಯಾಹ್ನ ಒಂದೂವರೆಗೆ ಬೆಂಗಳೂರು ಬಿಟ್ಟ ವಿಮಾನ ಅದೇ ದಿನ ಸಂಜೆ 6:40ಕ್ಕೆ ಲಂಡನ್ ಮುಟ್ಟುತ್ತದೆ ಅಂದುಕೊಳ್ಳಿ. ಟಿಕೆಟ್ ನೋಡಿದವರಿಗೆ ಐದು ಗಂಟೆ ಹತ್ತು ನಿಮಿಷದ ಪ್ರಯಾಣ ಅನ್ನಿಸುತ್ತದೆ. ಬರುವಾಗ ರಾತ್ರಿ ಎಂಟೂವರೆಗೆ ಲಂಡನ್ ಬಿಟ್ಟು, ಮರುದಿನ ಬೆಳಿಗ್ಗೆ 11:40ಕ್ಕೆ ಬೆಂಗಳೂರಿನಲ್ಲಿ ಇಳಿದರೆ ಹದಿನೈದು ಗಂಟೆ ದಾಟಿದಂತೆ ಕಾಣುತ್ತದೆ. ಎರಡೂ ತಪ್ಪು. ಹೋಗುವಾಗ ನಿಜವಾಗಿ ಹಿಡಿದದ್ದು 10 ಗಂಟೆ 40 ನಿಮಿಷ. ಬರುವಾಗ 9 ಗಂಟೆ 40 ನಿಮಿಷ. ಇನ್ನು ಮೈಸೂರಿನ ಮನೆ ಬಿಟ್ಟು ಲಂಡನ್ನಿನ ಮಗಳ ಮನೆ ಸೇರುವ ಅಪ್ಪ ಅಮ್ಮನಿಗೆ ಈ ಯಾವ ಅಂಕಿಯೂ ಸಾಲದು. ಅವರಿಗೆ ಹತ್ತಿರ ಹತ್ತಿರ 21 ಗಂಟೆ ಬೇಕು.

ಒಂದೇ ಪ್ರಯಾಣಕ್ಕೆ ಇಷ್ಟು ಬೇರೆ ಬೇರೆ ಉತ್ತರ ಯಾಕೆ? ಪ್ರತಿ ಗಂಟೆ ಎಲ್ಲಿ ಹೋಗುತ್ತದೆ ಎಂದು ಗೊತ್ತಾದರೆ ಟಿಕೆಟ್ ಆರಿಸುವುದು, ಮನೆ ಬಿಡುವ ಹೊತ್ತು ಗೊತ್ತುಮಾಡುವುದು, ಕರೆದುಕೊಂಡು ಬರಲು ಹೋಗುವುದು ಎಲ್ಲವೂ ಸುಲಭ. ಅದರಲ್ಲೂ ಮೊದಲ ಸಲ ವಿದೇಶಕ್ಕೆ ಹೋಗುವ ಹಿರಿಯರ ಭಯ ಅರ್ಧ ಇಳಿಯುತ್ತದೆ. ಇದಕ್ಕೆ ಫೋನಿನ ಕ್ಯಾಲ್ಕುಲೇಟರ್ ಸಾಕು. ಬೆಂಗಳೂರು–ಲಂಡನ್ ದಾರಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಬೇರೆ ಊರುಗಳಿಗೂ ಕ್ರಮ ಇದೇ.

ಹಂತ 1: ಯಾವ ನಿಲ್ದಾಣದಿಂದ ಯಾವ ನಿಲ್ದಾಣಕ್ಕೆ?

ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ವಿಮಾನ ಹಾರುವುದು ಊರಿನಿಂದ ಊರಿಗೆ ಅಲ್ಲ, ನಿಲ್ದಾಣದಿಂದ ನಿಲ್ದಾಣಕ್ಕೆ. ಬೆಂಗಳೂರಿನ ಮಟ್ಟಿಗೆ ಗೊಂದಲವಿಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಶುರುವಾದ ಮೇಲೆ ಪ್ರಯಾಣಿಕರ ವಿಮಾನಗಳೆಲ್ಲ ಎಚ್‌ಎಎಲ್ ಬಿಟ್ಟು ಅಲ್ಲಿಗೆ ಹೋದವು. ಅದೇ ಈಗಿನ ಕೆಂಪೇಗೌಡ ನಿಲ್ದಾಣ. ಟಿಕೆಟ್ ಮೇಲೆ ಅದರ ಗುರುತು ಬಿಎಲ್‌ಆರ್. ಮೆಜೆಸ್ಟಿಕ್‌ನಿಂದ ಸುಮಾರು 35 ಕಿ.ಮೀ.

ಲಂಡನ್ ಹಾಗಲ್ಲ. ಹೀಥ್ರೂ, ಗ್ಯಾಟ್‌ವಿಕ್, ಸ್ಟಾನ್‌ಸ್ಟೆಡ್, ಲೂಟನ್, ಸಿಟಿ, ಸೌತೆಂಡ್ ಎಂದು ಲಂಡನ್ ಹೆಸರಿನಲ್ಲಿ ಆರು ನಿಲ್ದಾಣಗಳಿವೆ. ಹೀಥ್ರೂ ಊರಿನ ನಡುಭಾಗದಿಂದ ಪಶ್ಚಿಮಕ್ಕೆ 23 ಕಿ.ಮೀ. ಆಸುಪಾಸಿನಲ್ಲಿದೆ. ಗ್ಯಾಟ್‌ವಿಕ್ ದಕ್ಷಿಣಕ್ಕೆ, ಸುಮಾರು 45 ಕಿ.ಮೀ. ದೂರದಲ್ಲಿದೆ. ಟಿಕೆಟ್ ಹುಡುಕುವಾಗ ಎಲ್‌ಓಎನ್ ಎಂಬ ಗುರುತು ಹಾಕಿದರೆ ಎಲ್ಲ ನಿಲ್ದಾಣಗಳ ವಿಮಾನಗಳೂ ಕಲಸಿಕೊಂಡು ಬರುತ್ತವೆ. ಎಲ್‌ಎಚ್‌ಆರ್ ಅಂದರೆ ಹೀಥ್ರೂ, ಎಲ್‌ಜಿಡಬ್ಲ್ಯು ಅಂದರೆ ಗ್ಯಾಟ್‌ವಿಕ್. ಆಕಾಶದಲ್ಲಿ ಇವೆರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಆದರೆ ಮಗಳ ಮನೆ ಹೀಥ್ರೂ ಪಕ್ಕದ ಹೌನ್ಸ್ಲೋದಲ್ಲಿದ್ದು ನೀವು ಗ್ಯಾಟ್‌ವಿಕ್‌ನಲ್ಲಿ ಇಳಿದರೆ, ಟಿಕೆಟ್‌ನಲ್ಲಿ ಉಳಿಸಿದ ದುಡ್ಡು ಟ್ಯಾಕ್ಸಿಗೆ ಹೋಗುತ್ತದೆ.

ಹಂತ 2: ದೂರ ಅಳೆಯುವುದು

ದೂರ ತಿಳಿಯಲು ಎರಡು ದಾರಿ ಇವೆ. ಎರಡನ್ನೂ ಮಾಡಿ ನೋಡಿ. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಳ್ಳಿ.

ಮೊದಲನೆಯದು ದಾರದ ದಾರಿ. ಗೋಡೆಯ ನಕ್ಷೆ ಬೇಡ, ಗ್ಲೋಬ್ ಬೇಕು. ಭೂಮಿ ದುಂಡಗಿದೆ, ನಕ್ಷೆ ಚಪ್ಪಟೆ. ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆ ಬಹುತೇಕ ಸಲ ಅತಿ ಹತ್ತಿರದ ದಾರಿ ಆಗಿರುವುದಿಲ್ಲ. ಗ್ಲೋಬ್ ಮೇಲೆ ಬೆಂಗಳೂರಿನ ಜಾಗದಲ್ಲಿ ದಾರದ ಒಂದು ತುದಿ ಒತ್ತಿ ಹಿಡಿಯಿರಿ. ಇನ್ನೊಂದು ತುದಿಯನ್ನು ಲಂಡನ್ ಮೇಲೆ ಹಾಯಿಸಿ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಅತಿ ಹತ್ತಿರದ ದಾರಿಗೆ ಜಾರಿ ನಿಲ್ಲುತ್ತದೆ. ಭೂಗೋಳದ ಪುಸ್ತಕಗಳು ಇದನ್ನೇ ಮಹಾವೃತ್ತ ಎನ್ನುತ್ತವೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. 30 ಸೆಂ.ಮೀ. ಅಡ್ಡಳತೆಯ ಗ್ಲೋಬಿನ ಸುತ್ತಳತೆ ಸುಮಾರು 94 ಸೆಂ.ಮೀ. ಅಂದರೆ ದಾರದ ಒಂದು ಸೆಂ.ಮೀ. ಸುಮಾರು 425 ಕಿ.ಮೀ.ಗೆ ಸಮ. ನಿಮ್ಮ ದಾರ 19 ಸೆಂ.ಮೀ. ಹತ್ತಿರ ಬಂದರೆ ಸರಿಯಾಗಿ ಅಳೆದಿದ್ದೀರಿ: 8,000 ಕಿ.ಮೀ. ಚಿಲ್ಲರೆ.

ಎರಡನೆಯದು ಕ್ಯಾಲ್ಕುಲೇಟರ್ ದಾರಿ. ಗೂಗಲ್ ಮ್ಯಾಪ್‌ನಲ್ಲಿ ನಿಲ್ದಾಣದ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಸಂಖ್ಯೆ ಬರುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಬೆಂಗಳೂರು ನಿಲ್ದಾಣದ್ದು 13.2 ಮತ್ತು 77.7. ಹೀಥ್ರೂದ್ದು 51.47 ಮತ್ತು ಮೈನಸ್ 0.45. ಗ್ರೀನಿಚ್‌ನಿಂದ ಪಶ್ಚಿಮಕ್ಕೆ ಇರುವ ಜಾಗಗಳ ರೇಖಾಂಶಕ್ಕೆ ಮೈನಸ್ ಬರುತ್ತದೆ. ಅದನ್ನು ಮರೆತರೆ ಅಮೆರಿಕದ ಊರುಗಳ ಲೆಕ್ಕ ಪೂರ್ತಿ ಕೆಡುತ್ತದೆ.

ಈಗ ಫೋನ್ ಅಡ್ಡ ಹಿಡಿದು ಕ್ಯಾಲ್ಕುಲೇಟರ್ ತೆರೆಯಿರಿ. ಸೈನ್, ಕೊಸೈನ್ ಗುಂಡಿಗಳು ಕಾಣುತ್ತವೆ. ಡಿಗ್ರಿ ಲೆಕ್ಕದಲ್ಲಿ ಇದೆಯಾ ಎಂದು ಮೊದಲು ನೋಡಿ. ರೇಡಿಯನ್‌ನಲ್ಲಿದ್ದರೆ ಉತ್ತರ ಎಲ್ಲೋ ಹೋಗಿ ನಿಲ್ಲುತ್ತದೆ. ಎಕ್ಸೆಲ್‌ನಂಥ ಹಾಳೆಗಳಲ್ಲಿ ಮಾಡುವವರು ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸಿಯೇ ಹಾಕಬೇಕು.

ಲೆಕ್ಕ ಹೀಗೆ:

ಎರಡೂ ಅಕ್ಷಾಂಶಗಳ ಸೈನ್ ಗುಣಿಸಿ: 0.2284 × 0.7823 = 0.1786
ಎರಡೂ ಅಕ್ಷಾಂಶಗಳ ಕೊಸೈನ್ ಗುಣಿಸಿ: 0.9736 × 0.6229 = 0.6065
ರೇಖಾಂಶಗಳ ವ್ಯತ್ಯಾಸ: 77.7 + 0.45 = 78.15. ಇದರ ಕೊಸೈನ್ 0.2054
ಎರಡನೆಯ ಉತ್ತರವನ್ನು ಇದರಿಂದ ಗುಣಿಸಿ: 0.6065 × 0.2054 = 0.1246
ಮೊದಲನೆಯದಕ್ಕೆ ಕೂಡಿಸಿ: 0.1786 + 0.1246 = 0.3032
ಇದರ ವಿಲೋಮ ಕೊಸೈನ್ (cos⁻¹ ಗುಂಡಿ): ಸುಮಾರು 72.35 ಡಿಗ್ರಿ

ಈ 72.35 ಡಿಗ್ರಿ ಅನ್ನುವುದು ಭೂಮಿಯ ನಡುವಿನಿಂದ ನೋಡಿದಾಗ ಎರಡು ನಿಲ್ದಾಣಗಳ ನಡುವಿನ ಕೋನ. ಇದನ್ನು ದೂರ ಮಾಡಲು ನಾವಿಕರ ಹಳೆಯ ಲೆಕ್ಕವಿದೆ. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ, ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. 72.35 ಅನ್ನು 60ರಿಂದ ಗುಣಿಸಿದರೆ 4,341 ನಾಟಿಕಲ್ ಮೈಲಿ. ಅಂದರೆ ಸುಮಾರು 8,040 ಕಿ.ಮೀ. ಪೈಲಟ್‌ಗಳು ಇಂದಿಗೂ ದೂರವನ್ನು ನಾಟಿಕಲ್ ಮೈಲಿಯಲ್ಲೇ ಹೇಳುತ್ತಾರೆ.

ಬೇರೆ ಬೇರೆ ವೆಬ್‌ಸೈಟ್‌ಗಳಲ್ಲಿ ಹತ್ತಿಪ್ಪತ್ತು ಕಿ.ಮೀ. ಆಚೀಚೆ ಕಾಣುತ್ತದೆ. ತಲೆ ಕೆಡಿಸಿಕೊಳ್ಳಬೇಡಿ. ಭೂಮಿ ಪೂರ್ತಿ ಚೆಂಡಿನ ಆಕಾರದಲ್ಲಿಲ್ಲ. ಸಮಭಾಜಕದಲ್ಲಿ ಅದರ ತ್ರಿಜ್ಯ 6,378 ಕಿ.ಮೀ., ಧ್ರುವದ ಕಡೆ 6,357 ಕಿ.ಮೀ. ಯಾವ ಅಳತೆ ಹಿಡಿದರು ಎನ್ನುವುದರ ಮೇಲೆ ಅರ್ಧ ಪರ್ಸೆಂಟ್‌ವರೆಗೂ ಏರುಪೇರು ಬರಬಹುದು. ಕೆಲವರು ನಿಲ್ದಾಣ ಬಿಟ್ಟು ಊರಿನ ನಡುಭಾಗದಿಂದ ಅಳೆಯುತ್ತಾರೆ.

ಹಂತ 3: ಆ ಗೆರೆ ಯಾವ ದೇಶಗಳ ಮೇಲೆ ಹೋಗುತ್ತದೆ?

ಬಹಳ ಜನ ಈ ಹಂತ ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಲೆಕ್ಕದಲ್ಲಿ ಅತಿ ಮುಖ್ಯವಾದದ್ದು ಇದೇ. 8,040 ಕಿ.ಮೀ. ಅನ್ನುವುದು ಭೂಮಿಯ ಮೇಲಿನ ಅಳತೆ. ಅದೇ ಗೆರೆಯ ಮೇಲೆ ಹಾರಲು ವಿಮಾನಕ್ಕೆ ಅವಕಾಶ ಇದೆಯಾ ಅನ್ನುವುದು ಬೇರೆ ಪ್ರಶ್ನೆ.

ದಾರವನ್ನು ಮತ್ತೆ ನೋಡಿ. ಬೆಂಗಳೂರಿನಿಂದ ಅದು ವಾಯವ್ಯಕ್ಕೆ ಹೊರಡುತ್ತದೆ. ಮುಂಬೈ ಪಕ್ಕದಲ್ಲೇ ಹಾದು ಕರಾಚಿ ಹತ್ತಿರ ಪಾಕಿಸ್ತಾನಕ್ಕೆ ಹೋಗುತ್ತದೆ. ಅಲ್ಲಿಂದ ಇರಾನಿನ ಮರುಭೂಮಿ. ಆಮೇಲೆ ಅರ್ಮೇನಿಯ, ಜಾರ್ಜಿಯ. ಕಪ್ಪು ಸಮುದ್ರದ ಉತ್ತರ ದಂಡೆ, ದಕ್ಷಿಣ ಯುಕ್ರೇನ್. ಪೋಲೆಂಡ್–ಸ್ಲೊವಾಕಿಯ ಗಡಿ, ಜರ್ಮನಿ, ಕೊನೆಗೆ ಉತ್ತರ ಸಮುದ್ರದ ದಕ್ಷಿಣ ತುದಿ ದಾಟಿ ಲಂಡನ್. ಇತ್ತೀಚಿನ ವರ್ಷಗಳ ಸುದ್ದಿ ನೋಡಿದವರಿಗೆ ಈ ಪಟ್ಟಿ ಓದಿದ ಕೂಡಲೇ ತೊಂದರೆ ಎಲ್ಲಿ ಎಂದು ಗೊತ್ತಾಗುತ್ತದೆ. ಯುಕ್ರೇನಿನ ಆಕಾಶ 2022ರ ಫೆಬ್ರವರಿ 24ರಂದು ಪ್ರಯಾಣಿಕರ ವಿಮಾನಗಳಿಗೆ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ದಾಳಿಯ ನಂತರ, ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಅದೇ ತಿಂಗಳ ಕೊನೆಗೆ ಭಾರತವೂ ಪಾಕಿಸ್ತಾನದ ವಿಮಾನಗಳಿಗೆ ಮುಚ್ಚಿತು. 2025ರ ಜೂನ್‌ನಲ್ಲಿ ಇಸ್ರೇಲ್–ಇರಾನ್ ಸಂಘರ್ಷ ಶುರುವಾದಾಗ ಇರಾನ್, ಇರಾಕ್, ಜೋರ್ಡನ್ ಆಕಾಶಗಳೂ ಮುಚ್ಚಿದವು. ಹತ್ತಿರದ ದಾರಿ ಅನ್ನುವುದು ಬೀಗ ಹಾಕಿದ ಕೋಣೆಗಳ ಸಾಲಾಗಿಬಿಟ್ಟಿತು.

ಹೀಗಾಗಿ ವಿಮಾನಗಳು ಬಳಸಿ ಹೋಗುತ್ತವೆ. ಅರಬ್ಬೀ ಸಮುದ್ರದ ಮೇಲೆ ಪಶ್ಚಿಮಕ್ಕೆ ಸರಿದು, ಕೊಲ್ಲಿ ದೇಶಗಳ ಮೇಲೆ ಹಾದು, ಟರ್ಕಿ, ಆಮೇಲೆ ಬಾಲ್ಕನ್ ದೇಶಗಳ ಮೂಲಕ ಯುರೋಪಿಗೆ ಹೋಗುವುದು ಸಾಮಾನ್ಯ. ಇದರಲ್ಲಿ ಬೆಂಗಳೂರಿಗೆ ಒಂದು ಅನುಕೂಲವಿದೆ. ನಮ್ಮ ಗೆರೆ ಪಾಕಿಸ್ತಾನದ ನೈಋತ್ಯ ಭಾಗದ ಮೇಲೆ ಮಾತ್ರ ಹೋಗುತ್ತದೆ. ಸ್ವಲ್ಪ ಸಮುದ್ರದ ಕಡೆ ಸರಿದರೆ ಸಾಕು. ದೆಹಲಿಯ ಕಥೆ ಬೇರೆ. ಅಲ್ಲಿಂದ ಲಂಡನ್ನಿಗೆ ಹೊರಟ ಗೆರೆ ಪಾಕಿಸ್ತಾನವನ್ನು ಅಡ್ಡಡ್ಡ ಸೀಳುತ್ತದೆ. ಆ ಆಕಾಶ ಮುಚ್ಚಿದಾಗ ದೆಹಲಿಯ ವಿಮಾನಗಳು ಮೊದಲು ದಕ್ಷಿಣಕ್ಕೆ ಇಳಿದು ಆಮೇಲೆ ಪಶ್ಚಿಮಕ್ಕೆ ತಿರುಗಬೇಕು. 2019ರ ಫೆಬ್ರವರಿ ಕೊನೆಯಿಂದ ಜುಲೈ ನಡುವಿನವರೆಗೆ, ಬಾಲಾಕೋಟ್ ದಾಳಿಯ ನಂತರವೂ, ಹೀಗೆಯೇ ಆಗಿತ್ತು.

ಇನ್ನೊಂದು ಮಾತು. ಈ ನಿರ್ಬಂಧ ವಿಮಾನ ಕಂಪನಿಯ ದೇಶದ ಮೇಲೆ ನಿಂತಿರುತ್ತದೆ. ಭಾರತದ ಕಂಪನಿಗೆ ಮುಚ್ಚಿದ ಆಕಾಶ ಬ್ರಿಟನ್ನಿನ ಕಂಪನಿಗೆ ತೆರೆದಿರಬಹುದು. ಅದಕ್ಕೇ ಒಂದೇ ದಿನ, ಒಂದೇ ದಾರಿಗೆ ಎರಡು ಕಂಪನಿಗಳು ಬೇರೆ ಬೇರೆ ಗಂಟೆ ತೋರಿಸುತ್ತವೆ.

ಲೆಕ್ಕಕ್ಕೆ ಏನು ಹಿಡಿಯಬೇಕು? ನಿರ್ಬಂಧವಿಲ್ಲದ ದಾರಿಯಲ್ಲೂ ವಿಮಾನ ದಾರದಂತೆ ನೇರ ಹೋಗುವುದಿಲ್ಲ. ಏರುವಾಗ, ಇಳಿಯುವಾಗ, ಗೊತ್ತುಮಾಡಿದ ವಾಯುಮಾರ್ಗ ಹಿಡಿಯುವಾಗ ಎರಡು ಮೂರು ಪರ್ಸೆಂಟ್ ಸೇರುತ್ತದೆ. ಬಳಸು ದಾರಿ ಇದ್ದರೆ ಐದಾರು ಪರ್ಸೆಂಟ್, ಕೆಲವು ಸಲ ಅದಕ್ಕೂ ಜಾಸ್ತಿ. ನಮ್ಮ ಉದಾಹರಣೆಗೆ 8,500 ಕಿ.ಮೀ. ಹಿಡಿಯೋಣ. ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್ ಎಂಬ ಟ್ರ್ಯಾಕರ್ ವೆಬ್‌ಸೈಟ್ ತೆರೆದು ನಿಮ್ಮ ವಿಮಾನದ ಸಂಖ್ಯೆ ಹಾಕಿದರೆ ಕಳೆದ ಕೆಲವು ದಿನ ಅದು ಹೋದ ದಾರಿಯೇ ಕಾಣುತ್ತದೆ. ಹಳೆಯ ಲೇಖನ ನಂಬುವುದಕ್ಕಿಂತ ಕಳೆದ ವಾರದ ದಾರಿ ನೋಡುವುದು ಒಳ್ಳೆಯದು. ಆಕಾಶದ ಬಾಗಿಲುಗಳು ಯಾವಾಗ ತೆರೆಯುತ್ತವೆ, ಯಾವಾಗ ಮುಚ್ಚುತ್ತವೆ ಎಂದು ಯಾರೂ ಮುಂಚೆ ಹೇಳಲಾರರು.

ಹಂತ 4: ದೂರವನ್ನು ಗಂಟೆ ಮಾಡುವುದು

ಬೋಯಿಂಗ್ 787, ಏರ್‌ಬಸ್ ಎ350ನಂಥ ದೊಡ್ಡ ವಿಮಾನಗಳು ಶಬ್ದದ ವೇಗದ 0.85 ಪಾಲಿನಷ್ಟು ವೇಗದಲ್ಲಿ ಹಾರುತ್ತವೆ. ಇದನ್ನೇ ಮ್ಯಾಕ್ 0.85 ಎನ್ನುವುದು. ಹನ್ನೊಂದು ಕಿ.ಮೀ. ಎತ್ತರದಲ್ಲಿ ಹೊರಗೆ ಮೈನಸ್ 56 ಡಿಗ್ರಿ ಚಳಿ. ತಣ್ಣನೆ ಗಾಳಿಯಲ್ಲಿ ಶಬ್ದ ನಿಧಾನ, ಗಂಟೆಗೆ ಸುಮಾರು 1,060 ಕಿ.ಮೀ. ಅದರ 0.85 ಅಂದರೆ ಸುಮಾರು 900. ದೇಶದೊಳಗೆ ಓಡಾಡುವ ಎ320 ಸ್ವಲ್ಪ ನಿಧಾನ, ಸುಮಾರು 830. ರೆಕ್ಕೆಯಲ್ಲಿ ಪ್ರೊಪೆಲರ್ ಇರುವ ಎಟಿಆರ್ ಸುಮಾರು 500.

8,500 ಭಾಗ 900 ಅಂದರೆ ಒಂಬತ್ತೂವರೆ ಗಂಟೆ. ಆದರೆ ಗಾಳಿಯ ಲೆಕ್ಕ ಇನ್ನೂ ಸೇರಿಲ್ಲ.

ವಿಮಾನಗಳು ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಗಾಳಿ ಬೀಸುತ್ತದೆ. ಚಳಿಗಾಲದಲ್ಲಿ ಅದರ ರಭಸ ಜಾಸ್ತಿ. ಗಂಟೆಗೆ 200 ಕಿ.ಮೀ. ದಾಟುವುದೂ ಉಂಟು. 2020ರ ಫೆಬ್ರವರಿಯಲ್ಲಿ, ಅಟ್ಲಾಂಟಿಕ್ ಮೇಲೆ ಸಿಯಾರಾ ಬಿರುಗಾಳಿ ಇದ್ದಾಗ, ಬ್ರಿಟಿಷ್ ಏರ್‌ವೇಸ್‌ನ 747 ಒಂದು ನ್ಯೂಯಾರ್ಕ್‌ನಿಂದ ಲಂಡನ್ನಿಗೆ ಐದು ಗಂಟೆಯೊಳಗೇ ಬಂದು ಇಳಿಯಿತು. ನೆಲದ ಮೇಲಿನ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿ.ಮೀ. ಮುಟ್ಟಿತ್ತು. ವಿಮಾನ ತನ್ನ ಮಾಮೂಲಿ ವೇಗದಲ್ಲೇ ಇತ್ತು. ಅದನ್ನು ಹೊತ್ತ ಗಾಳಿಯೇ ಓಡುತ್ತಿತ್ತು.

ಲಂಡನ್ನಿಗೆ ಹೋಗುವಾಗ ಈ ಗಾಳಿ ಎದುರು, ಬರುವಾಗ ಬೆನ್ನಿಗೆ. ದಾರಿಯುದ್ದಕ್ಕೂ ಒಂದೇ ರಭಸ ಇರುವುದಿಲ್ಲ. ಬೆಂಗಳೂರಿನ ಆಸುಪಾಸು ಅದು ಕಡಿಮೆ, ಇರಾನ್, ಟರ್ಕಿಯ ಅಕ್ಷಾಂಶಗಳಲ್ಲಿ ಜಾಸ್ತಿ. ಸರಾಸರಿ 45 ಕಿ.ಮೀ. ಎಂದು ಹಿಡಿದರೆ ಸಾಮಾನ್ಯ ದಿನಗಳಿಗೆ ಸರಿಹೋಗುತ್ತದೆ.

ಹೋಗುವಾಗ: 8,500 ಭಾಗ 855 = 9 ಗಂಟೆ 56 ನಿಮಿಷ
ಬರುವಾಗ: 8,500 ಭಾಗ 945 = 9 ಗಂಟೆ

ಇದಕ್ಕೆ 40 ನಿಮಿಷ ಸೇರಿಸಿ. ಟಿಕೆಟ್‌ನಲ್ಲಿ ಬರೆಯುವ ಸಮಯ ರನ್‌ವೇ ಬಿಟ್ಟ ಕ್ಷಣದಿಂದ ಅಲ್ಲ, ವಿಮಾನ ಗೇಟ್ ಬಿಟ್ಟು ಹಿಂದಕ್ಕೆ ಸರಿದ ಕ್ಷಣದಿಂದ ಎಣಿಸಿದ್ದು. ಇಳಿದ ಮೇಲೂ ಗೇಟ್ ಸೇರುವವರೆಗೆ ಲೆಕ್ಕ ನಡೆಯುತ್ತಲೇ ಇರುತ್ತದೆ. ನಡುವೆ ರನ್‌ವೇವರೆಗಿನ ಓಡಾಟ, ನಿಧಾನವಾಗಿ ಏರುವುದು, ಇಳಿಯುವಾಗ ಸರದಿ. ಹೀಥ್ರೂ ಅಷ್ಟು ದೊಡ್ಡದಾದರೂ ರನ್‌ವೇ ಎರಡೇ. ಬೊವಿಂಗ್‌ಡನ್, ಲ್ಯಾಂಬೋರ್ನ್, ಓಕಮ್, ಬಿಗ್ಗಿನ್ ಎಂಬ ನಾಲ್ಕು ಕಡೆ ಆಕಾಶದಲ್ಲಿ ವಿಮಾನಗಳು ಸುತ್ತು ಹಾಕುತ್ತಾ ಸರದಿ ಕಾಯುತ್ತವೆ. ಲಂಡನ್ ಕಾಣಿಸುತ್ತಿದ್ದರೂ ವಿಮಾನ ಗಿರಕಿ ಹೊಡೆಯುತ್ತಿದೆ ಎಂದರೆ ಗಾಬರಿ ಬೇಡ. ಅದು ದಿನವೂ ನಡೆಯುವುದೇ.

ಒಟ್ಟು: ಹೋಗಲು ಸುಮಾರು 10 ಗಂಟೆ 40 ನಿಮಿಷ, ಬರಲು 9 ಗಂಟೆ 40 ನಿಮಿಷ. ನೇರ ವಿಮಾನಗಳ ವೇಳಾಪಟ್ಟಿ ತೆರೆದು ಹೋಲಿಸಿ ನೋಡಿ. ಕಂಪನಿಗಳು ತಡವಾದರೂ ಸರಿದೂಗಲಿ ಎಂದು ಹತ್ತಿಪ್ಪತ್ತು ನಿಮಿಷ ಹೆಚ್ಚೇ ಬರೆದಿರುತ್ತವೆ. 'ನಾವು ಇಪ್ಪತ್ತು ನಿಮಿಷ ಬೇಗ ಬಂದಿದ್ದೇವೆ' ಎಂದು ಪೈಲಟ್ ಹೇಳುವುದರ ಹಿಂದೆ ಬಹಳ ಸಲ ಈ ಉಳಿಕೆಯೇ ಇರುತ್ತದೆ.

ಈ ಲೆಕ್ಕ ಬೇರೆ ದಾರಿಗೂ ಹೊಂದುತ್ತದಾ? ಬೆಂಗಳೂರು–ದೆಹಲಿ ಸುಮಾರು 1,700 ಕಿ.ಮೀ. ಎ320ರ ವೇಗಕ್ಕೆ ಎರಡು ಗಂಟೆ ಚಿಲ್ಲರೆ, 40 ನಿಮಿಷ ಸೇರಿಸಿದರೆ ಎರಡೂಮುಕ್ಕಾಲು. ಟಿಕೆಟ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ದಕ್ಷಿಣೋತ್ತರ ದಾರಿಯಾದ್ದರಿಂದ ಗಾಳಿಯ ಕಾಟವೂ ಕಡಿಮೆ. ಬೆಂಗಳೂರು–ಮಂಗಳೂರು ಸುಮಾರು 300 ಕಿ.ಮೀ. ಮಾತ್ರ. ಪೂರ್ತಿ ವೇಗದಲ್ಲಿ ಹೋದರೆ 22 ನಿಮಿಷ. ಟಿಕೆಟ್‌ನಲ್ಲಿ ಮಾತ್ರ ಒಂದು ಗಂಟೆ ಆಸುಪಾಸು ಇರುತ್ತದೆ. ಹತ್ತಿರದ ದಾರಿಯಲ್ಲಿ ಏರುವುದು, ಇಳಿಯುವುದೇ ಇಡೀ ಪ್ರಯಾಣ.

ಹಂತ 5: ಗಡಿಯಾರ ಮತ್ತು ತಾರೀಖು

ಎಲ್ಲವನ್ನೂ ಒಮ್ಮೆ ಯುಟಿಸಿಗೆ, ಅಂದರೆ ಜಗತ್ತಿನ ಸಾಮಾನ್ಯ ಸಮಯಕ್ಕೆ ಬದಲಿಸಿ, ಆಮೇಲೆ ವಾಪಸ್ ತನ್ನಿ. ಇದಕ್ಕಿಂತ ಸುಲಭದ, ತಪ್ಪಾಗದ ದಾರಿ ಇಲ್ಲ.

ಭಾರತ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಬ್ರಿಟನ್ ಚಳಿಗಾಲದಲ್ಲಿ ಯುಟಿಸಿಯ ಸಮಕ್ಕೇ ಇರುತ್ತದೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ. ಆಗ ನಮಗೂ ಅವರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಅಮೆರಿಕದಲ್ಲಿ ಈ ಬದಲಾವಣೆ ಬೇರೆ ವಾರಗಳಲ್ಲಿ ಆಗುತ್ತದೆ. ಎರಡೂ ಕಡೆ ಮಕ್ಕಳಿರುವವರು ಅದನ್ನು ನೆನಪಿಡಬೇಕು.

ಮಧ್ಯಾಹ್ನ 1:30ರ ವಿಮಾನ ತೆಗೆದುಕೊಳ್ಳಿ. ಐದೂವರೆ ಗಂಟೆ ಕಳೆದರೆ ಯುಟಿಸಿ ಬೆಳಿಗ್ಗೆ 8:00. ಪ್ರಯಾಣದ 10 ಗಂಟೆ 40 ನಿಮಿಷ ಕೂಡಿಸಿದರೆ 18:40. ಚಳಿಗಾಲದಲ್ಲಿ ಲಂಡನ್ ಗಡಿಯಾರದಲ್ಲೂ ಅದೇ, ಸಂಜೆ 6:40. ಬೇಸಿಗೆಯಲ್ಲಿ 7:40. ಬರುವಾಗ ಚಳಿಗಾಲದ ರಾತ್ರಿ 8:30ಕ್ಕೆ ಹೊರಟರೆ ಯುಟಿಸಿಯೂ 20:30. 9 ಗಂಟೆ 40 ನಿಮಿಷ ಸೇರಿಸಿದರೆ ಮರುದಿನ 6:10. ಐದೂವರೆ ಕೂಡಿಸಿದರೆ ಬೆಂಗಳೂರಿನಲ್ಲಿ ಬೆಳಿಗ್ಗೆ 11:40. ಟಿಕೆಟ್‌ನಲ್ಲಿ ಸಮಯದ ಪಕ್ಕ ಚಿಕ್ಕದಾಗಿ '+1' ಎಂದು ಇದ್ದರೆ ಮರುದಿನ ಎಂದು ಅರ್ಥ.

ತಾರೀಖಿನ ವಿಷಯ ಇನ್ನೂ ಮುಖ್ಯ. ನಮ್ಮ ಊರುಗಳಿಂದ ಹೊರಡುವ ವಿದೇಶಿ ವಿಮಾನಗಳಲ್ಲಿ ಎಷ್ಟೋ ನಡುರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಟಿಕೆಟ್‌ನಲ್ಲಿ '15ನೇ ತಾರೀಖು, 02:10' ಎಂದಿದ್ದರೆ ನೀವು ನಿಲ್ದಾಣದಲ್ಲಿ ಇರಬೇಕಾದದ್ದು 14ರ ರಾತ್ರಿ ಹನ್ನೊಂದಕ್ಕೆ. ನಮಗೆ ಬೆಳಗಾದ ಮೇಲೆ ದಿನ ಶುರು ಎನ್ನುವ ರೂಢಿ. ಹಾಗಾಗಿ 'ಹದಿನೈದರ ರಾತ್ರಿ ಹೋಗಬೇಕು' ಎಂದು ಮನಸ್ಸಿನಲ್ಲಿ ಕೂತುಬಿಡುತ್ತದೆ. 15ರ ರಾತ್ರಿ ನಿಲ್ದಾಣಕ್ಕೆ ಹೋದರೆ ವಿಮಾನ ಹೋಗಿ ಇಪ್ಪತ್ತು ಗಂಟೆ ಕಳೆದಿರುತ್ತದೆ. ಟಿಕೆಟ್ ಕೈಗೆ ಬಂದ ದಿನವೇ ಕ್ಯಾಲೆಂಡರ್‌ನಲ್ಲಿ ವಿಮಾನದ ತಾರೀಖಿನ ಬದಲು ಮನೆ ಬಿಡುವ ತಾರೀಖು, ವಾರ, ಗಂಟೆ ಬರೆದು ದುಂಡು ಹಾಕಿ. ಮನೆಯವರೆಲ್ಲರಿಗೂ ಅದನ್ನೇ ಹೇಳಿ.

ಹಂತ 6: ನಡುವೆ ಇಳಿದು ಹೋಗುವುದಾದರೆ

ದುಬೈ, ದೋಹಾ ಮೂಲಕ ಹೋದರೆ ಬಹಳ ಸುತ್ತು ಎಂದು ಹಲವರು ಅಂದುಕೊಳ್ಳುತ್ತಾರೆ. ಹಂತ 2ರ ಲೆಕ್ಕ ಹಾಕಿ ನೋಡಿ. ಬೆಂಗಳೂರು–ದುಬೈ ಸುಮಾರು 2,700, ದುಬೈ–ಲಂಡನ್ ಸುಮಾರು 5,500. ಒಟ್ಟು 8,200. ನೇರ ದಾರಿಗಿಂತ 160 ಕಿ.ಮೀ. ಹೆಚ್ಚು, ಅಷ್ಟೇ. ದೋಹಾ ಮೂಲಕ 8,280 ಆಸುಪಾಸು. ಫ್ರಾಂಕ್‌ಫರ್ಟ್ ಮೂಲಕ ಹೋದರೆ ಇಪ್ಪತ್ತು ಕಿ.ಮೀ. ಕೂಡ ಹೆಚ್ಚಾಗುವುದಿಲ್ಲ, ಯಾಕೆಂದರೆ ನಮ್ಮ ದಾರ ಜರ್ಮನಿಯ ಮೇಲೇ ಹೋಗುತ್ತದೆ. ದೆಹಲಿ ಮೂಲಕ ಹೋದರೆ 400 ಕಿ.ಮೀ. ಜಾಸ್ತಿ.

ಅಂದರೆ ಸಮಯ ತಿನ್ನುವುದು ದೂರ ಅಲ್ಲ, ಕಾಯುವುದು. ಪ್ರತಿ ನಿಲುಗಡೆಗೆ ಇನ್ನೊಂದು ಸಲ ಇಳಿಯುವ, ಏರುವ 40 ನಿಮಿಷ. ಅದರ ಮೇಲೆ ಮುಂದಿನ ವಿಮಾನಕ್ಕೆ ಕಾಯುವ ಎರಡೋ ನಾಲ್ಕೋ ಒಂಬತ್ತೋ ಗಂಟೆ. ಹಿರಿಯರಿಗೆ ಒಂದೂಕಾಲು ಗಂಟೆಯ ಬಿಡುವು ಕಡಿಮೆಯಾಯಿತು. ದೊಡ್ಡ ನಿಲ್ದಾಣದಲ್ಲಿ ಗೇಟ್‌ನಿಂದ ಗೇಟ್‌ಗೆ ನಡೆಯುವುದು, ಮತ್ತೆ ಭದ್ರತಾ ತಪಾಸಣೆ, ಎಲ್ಲಕ್ಕೂ ಸಮಯ ಬೇಕು. ನನ್ನ ಸಲಹೆ ಎರಡೂವರೆಯಿಂದ ನಾಲ್ಕು ಗಂಟೆ. ಮಂಡಿ ನೋವಿದ್ದರೆ ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಕೇಳಿ. ಸಂಕೋಚ ಬೇಡ.

ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಹಾಗಿದ್ದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವ್ಯವಸ್ಥೆ ಮಾಡುವ ಹೊಣೆ ಕಂಪನಿಯದು. ಬೇರೆ ಬೇರೆ ಟಿಕೆಟ್ ಕೊಂಡರೆ ಆ ಹೊಣೆ ನಿಮ್ಮದು. ನಡುವಿನ ದೇಶಕ್ಕೆ ಟ್ರಾನ್ಸಿಟ್ ವೀಸಾ ಬೇಕೇ ಎಂದು ದುಡ್ಡು ಕಟ್ಟುವ ಮೊದಲೇ ನೋಡಿ. ವಾಪಸ್ ಬರುವಾಗ ಮುಂಬೈ ಅಥವಾ ದೆಹಲಿಯಲ್ಲಿ ವಿಮಾನ ಬದಲಿಸುವುದಿದ್ದರೆ, ಸಾಮಾನ್ಯವಾಗಿ ಅಲ್ಲೇ ಇಮಿಗ್ರೇಷನ್ ಮುಗಿಸಿ, ಬ್ಯಾಗ್ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಬ್ಯಾಗ್ ಕೊಡಬೇಕು. ಅಲ್ಲಿ ಮೂರು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ.

ಹಂತ 7: ಮನೆಯಿಂದ ಮನೆಗೆ

ಈಗ ಮೈಸೂರಿನ ದಂಪತಿಯ ಲೆಕ್ಕ ಹಾಕೋಣ.

ಮನೆಯಿಂದ ದೇವನಹಳ್ಳಿ: ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಅಥವಾ ಕಾರಿನಲ್ಲಿ ನಾಲ್ಕೂವರೆ ಗಂಟೆ
ನಿಲ್ದಾಣದಲ್ಲಿ: ಮೂರು ಗಂಟೆ
ವಿಮಾನ: 10 ಗಂಟೆ 40 ನಿಮಿಷ
ಹೀಥ್ರೂದಲ್ಲಿ ಇಮಿಗ್ರೇಷನ್, ಬ್ಯಾಗ್: ಒಂದೂವರೆ ಗಂಟೆ
ಅಲ್ಲಿಂದ ಮನೆ: ಒಂದು ಗಂಟೆ

ಒಟ್ಟು 20 ಗಂಟೆ 40 ನಿಮಿಷ. ಇದರಲ್ಲಿ ಹತ್ತು ಗಂಟೆ ವಿಮಾನದ ಹೊರಗೆ ಕಳೆದದ್ದು! ಬೆಂಗಳೂರಿನಲ್ಲೇ ಇರುವವರಿಗೆ ಮೊದಲ ಸಾಲು ಬದಲಾಗುತ್ತದೆ. ಆದರೆ ಅವರೂ ಸುಮ್ನೆ ಒಂದು ಗಂಟೆ ಸಾಕು ಎಂದುಕೊಳ್ಳಬಾರದು. ಜಯನಗರದಿಂದ ಸಂಜೆ ಹೊತ್ತು ಹೊರಟರೆ ಹೆಬ್ಬಾಳ ದಾಟುವವರೆಗೆ ಏನೂ ಹೇಳಲಾಗದು. ವಾಯುವಜ್ರ ಬಸ್ಸೂ ಅದೇ ರಸ್ತೆಯಲ್ಲೇ ಹೋಗಬೇಕು. ಮಳೆ ಬಂದರೆ ಇನ್ನೊಂದು ಅರ್ಧ ಗಂಟೆ ಸೇರಿಸಿ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಗೇಟ್ ಇಪ್ಪತ್ತು ನಿಮಿಷ ಮೊದಲು ಮುಚ್ಚಬಹುದು. ಆ ಕಡೆ, ಹೀಥ್ರೂದಿಂದ ಎಲಿಜಬೆತ್ ಲೈನ್ ರೈಲು ಅರ್ಧ ಗಂಟೆಯ ಆಸುಪಾಸಿನಲ್ಲಿ ಪ್ಯಾಡಿಂಗ್ಟನ್ ಮುಟ್ಟಿಸುತ್ತದೆ. ಪಿಕಡಿಲಿ ಲೈನ್ ನಿಧಾನ, ಆದರೆ ಅಗ್ಗ.

ಸಕ್ಕರೆ ಕಾಯಿಲೆ, ಬಿ.ಪಿ.ಗೆ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಒಟ್ಟು ಗಂಟೆ ಬಹಳ ಮುಖ್ಯ. ಹೋಗುವ ದಿನ ಐದೂವರೆ ಗಂಟೆ ಉದ್ದವಾಗುತ್ತದೆ, ಬರುವ ದಿನ ಅಷ್ಟೇ ಕಿರಿದಾಗುತ್ತದೆ. ಯಾವ ಊಟ ಎಲ್ಲಿ, ಯಾವ ಮಾತ್ರೆ ಯಾವಾಗ ಎಂದು ಒಂದು ಹಾಳೆಯಲ್ಲಿ ಬರೆದು ವೈದ್ಯರಿಗೆ ತೋರಿಸಿ. ಇನ್ಸುಲಿನ್ ತೆಗೆದುಕೊಳ್ಳುವವರು ಕೇಳದೇ ಹೊರಡಲೇಬಾರದು. ಔಷಧವೆಲ್ಲ ಕೈಚೀಲದಲ್ಲಿರಲಿ, ಲಗೇಜ್‌ನಲ್ಲಿ ಹಾಕಬೇಡಿ.

ವಾಪಸ್ ಬರುವ ದಿನ ಕರೆದುಕೊಂಡು ಹೋಗಲು ಬರುವವರು ವೇಳಾಪಟ್ಟಿ ನೋಡಿ ಮನೆ ಬಿಡುವುದು ಬೇಡ. ಲಂಡನ್ನಿನಲ್ಲಿ ವಿಮಾನ ನೆಲ ಬಿಟ್ಟ ಹೊತ್ತು ಟ್ರ್ಯಾಕರ್‌ನಲ್ಲಿ ಸಿಗುತ್ತದೆ. ಅದಕ್ಕೆ ಐದೂವರೆ ಗಂಟೆ ಕೂಡಿಸಿ ನಮ್ಮ ಸಮಯ ಮಾಡಿ, ಬೇಸಿಗೆಯಾದರೆ ನಾಲ್ಕೂವರೆ. ಅದರ ಮೇಲೆ ಒಂಬತ್ತು ಗಂಟೆ ಹತ್ತು ನಿಮಿಷ ಸೇರಿಸಿ. ವಿಮಾನ ದೇವನಹಳ್ಳಿಯಲ್ಲಿ ಇಳಿಯುವ ಹೊತ್ತು ಬರುತ್ತದೆ. ಇಮಿಗ್ರೇಷನ್ ಮುಗಿಸಿ ಬ್ಯಾಗ್ ತೆಗೆದುಕೊಂಡು ಹೊರಬರಲು ಇನ್ನೊಂದು ಗಂಟೆ. ಲಂಡನ್ನಿನಲ್ಲಿ ಎಂಟೂವರೆಯ ವಿಮಾನ 8:50ಕ್ಕೆ ಎದ್ದರೆ ಇಲ್ಲಿ ಸುಮಾರು ಹನ್ನೊಂದೂವರೆಗೆ ಇಳಿಯುತ್ತದೆ, ಹನ್ನೆರಡೂವರೆಗೆ ಅವರು ಹೊರಬರುತ್ತಾರೆ. ಮೈಸೂರಿನಿಂದ ಕಾರು ತರುವವರು ಬೆಳಿಗ್ಗೆ ಎಂಟಕ್ಕೆ ಹೊರಟರೆ ಸರಿಯಾಗುತ್ತದೆ.